ಮಣ್ಣಿನಡಿ ಹಳೇ ಬಂದೂಕಿನ ತುಂಡು: ಹುಡುಕುವುದು, ತೆಗೆಯುವುದು, ಗುರುತು ಹಿಡಿಯುವುದು

ಅಮೆರಿಕದ ವರ್ಜೀನಿಯಾ ಕಡೆ, 1861–65ರಲ್ಲಿ ಉತ್ತರ ಮತ್ತು ದಕ್ಷಿಣ ರಾಜ್ಯಗಳ ಅಂತರ್ಯುದ್ಧ ನಡೆದ ನೆಲದಲ್ಲಿ, ಮೆಟಲ್ ಡಿಟೆಕ್ಟರ್ ಹಿಡಿದು ಹೊಲಕ್ಕೆ ಇಳಿಯುವವರಿಗೆಲ್ಲ ಒಳಗೊಳಗೇ ಒಂದು ಆಸೆ ಇರುತ್ತದೆ. ಒಂದು ಇಡೀ ಬಂದೂಕು ಸಿಗಬೇಕು, ನಳಿಗೆ, ಲಾಕು (ಮದ್ದಿಗೆ ಕಿಡಿ ಕೊಡುವ ಯಂತ್ರಭಾಗ), ಮರದ ಹಿಡಿ ಎಲ್ಲ ಸಮೇತ. ಅಂಥದ್ದು ಸಿಗುವುದು ತೀರಾ ಅಪರೂಪ. ಬಂದೂಕಿಗೆ ಬೆಲೆಯಿತ್ತು. ಕಾಳಗ ಮುಗಿದ ಮೇಲೆ ಗೆದ್ದವರು ಹೊಲವನ್ನೆಲ್ಲ ಜಾಲಾಡಿ ಆಯ್ದುಕೊಂಡು ಹೋಗುತ್ತಿದ್ದರು. ಬಿದ್ದು ಉಳಿದದ್ದರ ಮರ ಮಣ್ಣಲ್ಲಿ ಕೊಳೆತುಹೋಯಿತು. ಈಗ ನಮಗೆ ಸಿಗುವುದು ಚಿಲ್ಲರೆ ತುಂಡುಗಳು: ಟ್ರಿಗರ್ ಗಾರ್ಡಿನ (ಟ್ರಿಗರ್ ಸುತ್ತಿನ ಬಳೆ) ಮುರುಕು, ಬಟ್ ಪ್ಲೇಟು (ಹಿಡಿಯ ಹಿಂತುದಿಯ ತಗಡು), ಮದ್ದು ಗಿಡಿಯುವ ಗಜ ತೂರಿಸುವ ಹಿತ್ತಾಳೆ ಕೊಳವೆ, ಸೀಸದ ಗುಂಡು.

ಬೇಸರಪಡಬೇಡಿ. ಬಂದೂಕು ಯಾವುದು, ಯಾವ ಕಾಲದ್ದು ಎಂದು ಹೇಳುವ ವಿಷಯದಲ್ಲಿ ಈ ಚಿಲ್ಲರೆಯೇ ಮೇಲು. ತುಕ್ಕು ತಿಂದ ನಾಲ್ಕಡಿ ನಳಿಗೆ ಬಾಯಿ ಬಿಡದ ಕಡೆ ಅಂಗೈಯಗಲದ ಹಿತ್ತಾಳೆ ತುಂಡು ಎಲ್ಲವನ್ನೂ ಹೇಳಿಬಿಡುತ್ತದೆ.

ಮಲೆನಾಡು, ಕೊಡಗಿನ ಕಡೆಯವರಿಗೆ ಇಲ್ಲಿ ಒಂದು ಅನುಕೂಲ ಇದೆ. ಮನೆಯಲ್ಲಿ ಕೇಪಿನ ಕೋವಿ ನೋಡಿ ಬೆಳೆದವರಿಗೆ, ಮದ್ದು ಸುರಿದು, ಗಜದಿಂದ ಗಿಡಿದು, ಕೇಪು (ಪೆಟ್ಟು ಬಿದ್ದರೆ ಕಿಡಿ ಹಾರಿಸುವ ಪುಟ್ಟ ಲೋಹದ ಟೋಪಿ) ಇಟ್ಟು ಹೊಡೆಯುವುದನ್ನು ಕಂಡವರಿಗೆ ಅಮೆರಿಕದ ಸೇನೆಯ 1861ರ ಸ್ಪ್ರಿಂಗ್‌ಫೀಲ್ಡ್ ಬಂದೂಕು ಹೊಸದೇನಲ್ಲ. ಕೆಲಸ ಮಾಡುವ ಬಗೆ ಅದೇ.

ನೆಲ ಯಾರದು ಅನ್ನುವುದು ಮೊದಲು

ಕರ್ನಾಟಕದಲ್ಲಿ ಕೂತು ಓದುತ್ತಿರುವವರಿಗೆ ಒಂದೇ ಮಾತು: ಊರಲ್ಲಿ ಈ ಹವ್ಯಾಸ ಬೇಡ. ನೆಲದಲ್ಲಿ ಸಿಕ್ಕ ಬೆಲೆಬಾಳುವ ಹಳೇ ವಸ್ತುವಿನ ಬಗ್ಗೆ ಸರಕಾರಕ್ಕೆ ತಿಳಿಸಲೇಬೇಕು ಎಂದು 1878ರ ನಿಧಿ ಕಾಯ್ದೆ ಹೇಳುತ್ತದೆ. ರಾಜ್ಯಕ್ಕೆ 1962ರ ತನ್ನದೇ ಕಾಯ್ದೆಯೂ ಇದೆ. ಸಿಕ್ಕಿದ್ದು ಕೋವಿಯಾದರೆ 1959ರ ಶಸ್ತ್ರಾಸ್ತ್ರ ಕಾಯ್ದೆ ಬೇರೆ. ಬಾವಿ ತೋಡುವಾಗಲೋ ತೋಟದ ಚರಂಡಿ ತೆಗೆಯುವಾಗಲೋ ತಾನಾಗಿ ಏನಾದರೂ ಸಿಕ್ಕರೆ ಅಲ್ಲಿಗೇ ನಿಲ್ಲಿಸಿ. ತಹಶೀಲ್ದಾರರಿಗೋ ಪೊಲೀಸರಿಗೋ ತಿಳಿಸಿ.

ಅಮೆರಿಕದಲ್ಲಿ ಖಾಸಗಿ ಜಮೀನಾದರೆ, ಮಾಲೀಕರು ಒಪ್ಪಿದರೆ, ಹುಡುಕಬಹುದು. ಒಪ್ಪಿಗೆ ಬರವಣಿಗೆಯಲ್ಲಿರಲಿ. ಸಿಕ್ಕಿದ್ದು ಯಾರಿಗೆ ಸೇರಬೇಕು ಅನ್ನುವುದನ್ನೂ ಅದರಲ್ಲೇ ಬರೆಸಿಕೊಳ್ಳಿ. ಒಳ್ಳೆಯ ವಸ್ತು ಸಿಕ್ಕಿದ ಮೇಲೆ ಆ ಮಾತು ಎತ್ತುವುದು ಕಷ್ಟ, ಅಲ್ವಾ? ರಾಷ್ಟ್ರೀಯ ಉದ್ಯಾನ ಮತ್ತು ರಕ್ಷಿತ ಯುದ್ಧಭೂಮಿಗಳಿಗೆ ಡಿಟೆಕ್ಟರ್ ತರುವುದೇ ತಪ್ಪು. ಫೆಡರಲ್ (ಕೇಂದ್ರ ಸರಕಾರದ) ನೆಲದಿಂದ 100 ವರ್ಷಕ್ಕಿಂತ ಹಳೆಯ ಪುರಾತತ್ವ ವಸ್ತು ತೆಗೆದರೆ 1979ರ ಕಾಯ್ದೆಯ ಕೆಳಗೆ ಮೊದಲ ಸಲವೇ 10,000 ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಜೈಲು. ವಸ್ತುವಿನ ಬೆಲೆ ಮತ್ತು ಸರಿಪಡಿಸುವ ಖರ್ಚು ಸೇರಿ 500 ಡಾಲರ್ ದಾಟಿದರೆ ಎರಡೂ ದುಪ್ಪಟ್ಟು. ರಾಜ್ಯದ ಉದ್ಯಾನಗಳಿಗೂ ತಮ್ಮದೇ ನಿಯಮಗಳಿವೆ.

ಇನ್ನೊಂದು ವಿಷಯ ನಮ್ಮವರು ತಿಳಿದಿರಲೇಬೇಕು. ಎಚ್-1ಬಿ, ಎಫ್-1 ಥರದ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು, ತೋಟಾ ಇಟ್ಟುಕೊಳ್ಳುವಂತಿಲ್ಲ ಅನ್ನುತ್ತದೆ ಫೆಡರಲ್ ಕಾನೂನು. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿಗಳಿವೆ, ಅಷ್ಟೆ. 1898ರಲ್ಲಿ ಅಥವಾ ಅದಕ್ಕೂ ಮುಂಚೆ ತಯಾರಾದದ್ದನ್ನು ಅದೇ ಕಾನೂನು ಆಂಟಿಕ್ ಎಂದು ಹೊರಗಿಡುತ್ತದೆ. ಅಂದರೆ 1863ರ ಮುರುಕು ನಳಿಗೆಯಿಂದ ಫೆಡರಲ್ ತೊಂದರೆ ಇಲ್ಲ, ರಾಜ್ಯದ ಕಾನೂನನ್ನು ಮಾತ್ರ ನೋಡಿಕೊಳ್ಳಬೇಕು. ಆದರೆ ತುಕ್ಕು ಹಿಡಿದ ರಿವಾಲ್ವರ್ ಸಿಕ್ಕಿ, ಅದು 1920ರದ್ದೋ 1980ರದ್ದೋ ಎಂದು ಅನುಮಾನ ಬಂದರೆ ಕೈಗೆತ್ತಿಕೊಳ್ಳಲೇಬೇಡಿ. ಫೋಟೋ ತೆಗೆದು ಪೊಲೀಸರಿಗೆ ಫೋನ್ ಮಾಡಿ. ಅಂಥದ್ದು ಯಾವುದೋ ಕೇಸಿನ ಸಾಕ್ಷಿಯೂ ಆಗಿರಬಹುದು.

ಎಲ್ಲಿ ಹುಡುಕಬೇಕು

ಹೆಸರುವಾಸಿ ಯುದ್ಧಭೂಮಿಗಳು ಹೆಚ್ಚಾಗಿ ಬೇಲಿಯೊಳಗಿವೆ. ಅದಕ್ಕಿಂತ ಸೇನೆ ಬೀಡುಬಿಟ್ಟ ಜಾಗಗಳೇ ಒಳ್ಳೆಯವು. ಉತ್ತರದವರ ಪೊಟೋಮ್ಯಾಕ್ ಸೇನೆ 1863–64ರ ಇಡೀ ಚಳಿಗಾಲವನ್ನು ವರ್ಜೀನಿಯಾದ ಕಲ್ಪೆಪರ್ ಕೌಂಟಿಯಲ್ಲಿ ಕಳೆಯಿತು. ಲಕ್ಷ ಮಂದಿ ತಿಂಗಳುಗಟ್ಟಲೆ ಒಂದೇ ಕಡೆ ಇದ್ದರೆ ಎಷ್ಟು ಮುರಿಯುತ್ತದೆ, ಎಷ್ಟು ಬಿಸಾಕುತ್ತಾರೆ ಲೆಕ್ಕ ಹಾಕಿ. ಆ ನೆಲ ಈಗ ಬಹುಪಾಲು ಹುಲ್ಲುಗಾವಲು ಮತ್ತು ಜೋಳದ ಹೊಲ. ನೀರಿನ ಸೆಲೆ ಹತ್ತಿರ, ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು, ಹಳೇ ರಸ್ತೆಯ ಪಕ್ಕ: ಚಳಿಗಾಲದಲ್ಲಿ ನೀವೇ ಗುಡಿಸಲು ಹಾಕುವುದಾದರೆ ಎಲ್ಲಿ ಹಾಕುತ್ತಿದ್ದಿರಿ ಎಂದು ಯೋಚಿಸಿದರೆ ಸಾಕು.

ಕಲ್ಪೆಪರ್‌ನ ಕೆಂಪುಮಣ್ಣಿನಲ್ಲಿ ಕಬ್ಬಿಣದ ಅಂಶ ವಿಪರೀತ. ಸಾಮಾನ್ಯ ಡಿಟೆಕ್ಟರ್ ಅಲ್ಲಿ ನಾಲ್ಕೈದು ಇಂಚು ಕೆಳಗೆ ಹೋಗುವಷ್ಟರಲ್ಲಿ ಗೊಂದಲಕ್ಕೆ ಬೀಳುತ್ತದೆ. ಅಂಥ ನೆಲಕ್ಕೆ ಪಲ್ಸ್ ಇಂಡಕ್ಷನ್ (ವಿದ್ಯುತ್ತನ್ನು ಮಿಡಿತ ಮಿಡಿತವಾಗಿ ಬಿಟ್ಟು ಹುಡುಕುವ) ಯಂತ್ರವೇ ಬೇಕು. ಬೇರೆ ಕಡೆ ಸಾಧಾರಣ ಯಂತ್ರ ಸಾಕು.

ಸದ್ದು ಏನು ಹೇಳುತ್ತದೆ

ನಾಣ್ಯ ಹುಡುಕುವವರು ಕಬ್ಬಿಣದ ಸದ್ದನ್ನು ಪೂರ್ತಿ ಮುಚ್ಚಿಬಿಡುತ್ತಾರೆ. ಬಂದೂಕು ಹುಡುಕುವವರು ಹಾಗೆ ಮಾಡಿದರೆ ಲಾಕು, ನಳಿಗೆ, ಬಯೊನೆಟ್ಟು ಎಲ್ಲವೂ ಕಾಲ ಕೆಳಗೇ ಉಳಿಯುತ್ತವೆ. ಬೇಡದ ಲೋಹದ ಸದ್ದು ಅಡಗಿಸುವ ಡಿಸ್ಕ್ರಿಮಿನೇಶನ್ ಕಡಿಮೆ ಮಾಡಿ, ಸಾಧ್ಯವಾದರೆ ಎಲ್ಲ ಲೋಹಕ್ಕೂ ತೆರೆದಿಡಿ. ಸೀಸ ಮತ್ತು ಹಿತ್ತಾಳೆ ಗಟ್ಟಿಯಾಗಿ, ಯಾವ ಕಡೆಯಿಂದ ಬೀಸಿದರೂ ಒಂದೇ ಥರ ಕೂಗುತ್ತವೆ. ಚಿಕ್ಕ ಕಬ್ಬಿಣ ಗೊರಗುಟ್ಟುತ್ತದೆ. ಉದ್ದ ಕಬ್ಬಿಣದ ವರ್ತನೆ ವಿಚಿತ್ರ. ನಡುವೆ ಗೊರಗು, ಎರಡು ತುದಿಯಲ್ಲಿ ಒಳ್ಳೆಯ ಲೋಹ ಇರುವ ಹಾಗೆ ಏರುದನಿ. ಬೀಸುವ ದಿಕ್ಕನ್ನು 90 ಡಿಗ್ರಿ ತಿರುಗಿಸಿದರೆ ಸದ್ದೇ ಬದಲಾಗುತ್ತದೆ. ಹೀಗಾದರೆ ಅದರ ಉದ್ದವನ್ನು ನೆಲದ ಮೇಲೆ ಗುರುತು ಮಾಡಿಕೊಳ್ಳಿ. ಒಂದು ಮೀಟರ್ ಆಸುಪಾಸು ಬಂದರೆ ಎದೆ ಹೊಡೆದುಕೊಳ್ಳುವುದು ಸಹಜ. ಹತ್ತರಲ್ಲಿ ಒಂಬತ್ತು ಸಲ ಅದು ನೀರಿನ ಪೈಪು ಅಥವಾ ಬೇಲಿಯ ಸರಳು.

ಅಗೆಯುವುದು

ಉದ್ದನೆಯ ವಸ್ತುವಿನ ನಡುಮಧ್ಯಕ್ಕೆ ಗುದ್ದಲಿ ಹಾಕಬೇಡಿ. ಗುರುತಿನಿಂದ ಒಂದು ಗೇಣು ಆಚೆಗೆ ಸುತ್ತ ಅಗೆದು ಒಳಗೆ ಬನ್ನಿ. ಕೊನೆಯ ನಾಲ್ಕು ಬೆರಳು ಮಣ್ಣನ್ನು ಮರದ ಕಡ್ಡಿ, ಬ್ರಷ್ಷಿನಿಂದ ಬಿಡಿಸಿ. ತುದಿ ಕಂಡ ಕೂಡಲೇ ಹಿಡಿದು ಮೀಟಬೇಡಿ. 160 ವರ್ಷ ತುಕ್ಕು ಹಿಡಿದ ಕಬ್ಬಿಣ ಹೊರಗಿನಿಂದ ಗಟ್ಟಿ ಕಾಣುತ್ತದೆ, ಒಳಗೆ ಈರುಳ್ಳಿಯ ಹಾಗೆ ಪದರ ಪದರ.

ಕದಲಿಸುವ ಮೊದಲು ಫೋಟೋ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಉತ್ತರ ದಿಕ್ಕು ತೋರಿಸಿ ತೆಗೆಯಿರಿ. ಎಷ್ಟು ಆಳ, ಜಿಪಿಎಸ್ ಸ್ಥಾನ ಯಾವುದು, ಬಾಯಿ ಯಾವ ಕಡೆಗಿದೆ, ಎಲ್ಲ ಬರೆದುಕೊಳ್ಳಿ. ಮಣ್ಣನ್ನು ಸುಮ್ನೆ ಚೆಲ್ಲಬೇಡಿ. ಲೋಹದ ಪಕ್ಕದಲ್ಲೇ ಮರದ ಚೂರು ಉಳಿದಿರಬಹುದು. ತಾಮ್ರ, ಹಿತ್ತಾಳೆಯ ಕಿಲುಬು ಮರವನ್ನು ಕೊಳೆಯಲು ಬಿಡುವುದಿಲ್ಲ. ಆ ಚೂರು ಕಪ್ಪು ವಾಲ್ನಟ್ಟೋ ಮೇಪಲ್ಲೋ ಎಂದು ಪರೀಕ್ಷೆಯಲ್ಲಿ ಗೊತ್ತಾದರೆ ಅದೇ ದೊಡ್ಡ ಸುಳಿವು: ಸೇನೆಯ ಸ್ಪ್ರಿಂಗ್‌ಫೀಲ್ಡ್‌ಗಳಿಗೆ ವಾಲ್ನಟ್, ಹಳ್ಳಿ ಕಮ್ಮಾರರ ಉದ್ದ ರೈಫಲ್‌ಗಳಿಗೆ ಹೆಚ್ಚಾಗಿ ಮೇಪಲ್. ಕೇಪು ಬರುವ ಮೊದಲಿನ ಬಂದೂಕುಗಳಲ್ಲಿ ಕಿಡಿ ಹಾರಿಸುತ್ತಿದ್ದ ಚಕಮಕಿ ಕಲ್ಲನ್ನು ಡಿಟೆಕ್ಟರ್ ಹಿಡಿಯುವುದಿಲ್ಲ, ಕಣ್ಣೇ ಹಿಡಿಯಬೇಕು. ಜೇನಿನ ಬಣ್ಣದ ಕಲ್ಲು ಸಾಮಾನ್ಯವಾಗಿ ಫ್ರಾನ್ಸಿನದು, ಕಡುಬೂದು ಅಥವಾ ಕಪ್ಪು ಇಂಗ್ಲೆಂಡಿನದು.

ಎಲುಬು ಕಂಡರೆ ಕೈ ತೆಗೆಯಿರಿ. ಗುಂಡಿ ಮುಚ್ಚದೆ, ಮುಟ್ಟದೆ ಪೊಲೀಸರಿಗೆ ತಿಳಿಸಿ.

ಮದ್ದು ತುಂಬಿದೆ ಎಂದೇ ತಿಳಿಯಿರಿ

1863ರ ಜುಲೈಯಲ್ಲಿ ಗೆಟಿಸ್‌ಬರ್ಗ್ ಕಾಳಗ ಮುಗಿದ ಮೇಲೆ ಆಯ್ದ ಬಂದೂಕುಗಳಲ್ಲಿ ಸುಮಾರು 24,000 ತುಂಬಿದ ಸ್ಥಿತಿಯಲ್ಲೇ ಇದ್ದವು ಎನ್ನುವುದು ಆಗಿನ ಲೆಕ್ಕ. ಎಷ್ಟೋ ಬಂದೂಕುಗಳಲ್ಲಿ ಒಂದರ ಮೇಲೆ ಒಂದು ಗುಂಡು. ಗಾಬರಿಯಲ್ಲಿ ಸಿಪಾಯಿ ಹೊಡೆಯುವುದನ್ನು ಮರೆತು ಮತ್ತೆ ಮತ್ತೆ ತುಂಬಿದ್ದ. ನೆಲದಲ್ಲಿ ಉಳಿದ ನಳಿಗೆ ಖಾಲಿ ಇರುತ್ತದೆ ಎಂದು ನಂಬಲು ಕಾರಣವೇ ಇಲ್ಲ.

ಕಪ್ಪು ಮದ್ದು ನೀರಲ್ಲಿ ನೆನೆದರೆ ಹಾಳಾಗಿಬಿಡುತ್ತದೆ ಅನ್ನುವುದು ತಪ್ಪು ನಂಬಿಕೆ. ಒಣಗಿದರೆ ಮತ್ತೆ ಹೊತ್ತಿಕೊಳ್ಳಬಹುದು. 2008ರಲ್ಲಿ ವರ್ಜೀನಿಯಾದ ಚೆಸ್ಟರ್‌ಫೀಲ್ಡ್ ಕೌಂಟಿಯಲ್ಲಿ ಅಂತರ್ಯುದ್ಧ ಕಾಲದ ಫಿರಂಗಿ ಗುಂಡನ್ನು ಮನೆಯಂಗಳದಲ್ಲಿ ಶುಚಿ ಮಾಡುತ್ತಿದ್ದ ಸಂಗ್ರಾಹಕರೊಬ್ಬರು ಅದು ಸಿಡಿದು ಸತ್ತರು. ಅವರು ಹೊಸಬರಲ್ಲ, ಪಳಗಿದ ಕೈ. ನಮ್ಮ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯಲ್ಲಿ 2018ರಲ್ಲಿ ಟಿಪ್ಪು ಕಾಲದ 1,000ಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕಾಗ ಬಾವಿಯ ಕೆಸರಲ್ಲಿ ಮದ್ದಿನ ವಾಸನೆ ಇನ್ನೂ ಇತ್ತು. ಇನ್ನೂರು ವರ್ಷದ ಮೇಲೂ!

ಆದ್ದರಿಂದ ನಳಿಗೆಯ ಬಾಯಿ ಯಾರ ಕಡೆಗೂ ಇರದಂತೆ ಹಿಡಿಯಿರಿ. ಒಳಗಿನ ಮಣ್ಣನ್ನು ಸರಳು ತೂರಿಸಿ ಕೆದಕಬೇಡಿ. ಡ್ರಿಲ್, ಗ್ರೈಂಡರ್, ತಂತಿ ಬ್ರಷ್ಷಿನ ಮೋಟಾರು, ಬಿಸಿ ಗಾಳಿ ಯಾವುದೂ ಬೇಡ. ಒದ್ದೆಯಾಗಿ ಸಿಕ್ಕಿದ್ದನ್ನು ಒದ್ದೆ ಬಟ್ಟೆಯಲ್ಲೇ ಸುತ್ತಿಡಿ. ಒಳಗೆ ಏನಿದೆ ಎಂದು ಹೇಳಲು ಎಕ್ಸ್-ರೇ ಬೇಕು. ಮರದ ಕಡ್ಡಿ ಇಳಿಸಿ ಒಳಗಿನ ಉದ್ದವನ್ನೂ ಹೊರಗಿನ ಉದ್ದವನ್ನೂ ಹೋಲಿಸುವ ಹಳೇ ಉಪಾಯ ಗೋಡೆಗೆ ತೂಗುಹಾಕಿದ ಬಂದೂಕಿಗೆ ಸರಿ, ಮಣ್ಣು ಮೆತ್ತಿದ ನಳಿಗೆಗೆ ಅಲ್ಲ. ಉಂಡೆಯೋ ಶಂಕುವೋ ಆಕಾರದ ದೊಡ್ಡ ಕಬ್ಬಿಣ ಕಂಡರೆ ಮುಟ್ಟಲೂಬೇಡಿ. ದೂರ ಸರಿದು 911ಕ್ಕೆ ಫೋನ್ ಮಾಡಿ.

ಪೈಪೋ ನಳಿಗೆಯೋ

ಪೈಪು ಆ ತುದಿಯಿಂದ ಈ ತುದಿವರೆಗೆ ಒಂದೇ ದಪ್ಪ. ನಳಿಗೆ ಹಾಗಲ್ಲ. ಮದ್ದು ಸಿಡಿಯುವ ಹಿಂಬದಿ ದಪ್ಪ, ಬಾಯಿ ಕಡೆಗೆ ಬರುತ್ತಾ ಸಪೂರ. ಎರಡು ತುದಿಯ ಸುತ್ತಳತೆ ದಾರದಲ್ಲಿ ಅಳೆದು ನೋಡಿ. ಹಿಂಬದಿ ಮುಚ್ಚಿರಬೇಕು. ಅಲ್ಲಿಂದ ಮರಕ್ಕೆ ಸ್ಕ್ರೂ ಹಾಕುವ ನಾಲಗೆಯಂಥ ಪಟ್ಟಿ ಹೊರಟಿರಬೇಕು. ಅದರ ಪಕ್ಕದಲ್ಲಿ ಒಂದು ಸಣ್ಣ ತೂತು ಮಾತ್ರ ಇದ್ದರೆ ಚಕಮಕಿ ಬಂದೂಕು. ಕೇಪು ಕೂರಿಸುವ ಮೊಳೆಯಿರುವ ಗುಬ್ಬಟೆ ಇದ್ದರೆ ಕೇಪಿನ ಬಂದೂಕು, ಅಂದರೆ ಸೇನೆಯದಾದರೆ ಹೆಚ್ಚಾಗಿ 1840ರ ನಂತರದ್ದು. ಎಂಟು ಮೂಲೆಯ ನಳಿಗೆಯಾದರೆ ಸೇನೆಯದಕ್ಕಿಂತ ಬೇಟೆಯ ರೈಫಲ್ ಇರುವ ಸಂಭವ ಜಾಸ್ತಿ.

ಬಾಯಿಯ ತೂತನ್ನು ಅಳೆದು ಕ್ಯಾಲಿಬರ್ (ನಳಿಗೆಯ ಒಳ ಅಳತೆ) ಹೇಳಿಬಿಡುವ ಚಪಲಕ್ಕೆ ಬೀಳಬೇಡಿ. ತುಕ್ಕು ಉಬ್ಬಿ ತೂತನ್ನು ಕಿರಿದು ಮಾಡಿರುತ್ತದೆ, ಪದರ ಉದುರಿದ್ದರೆ ಅಗಲ ಮಾಡಿರುತ್ತದೆ. ಪೂರ್ತಿ ನಳಿಗೆ ಸಿಕ್ಕಿದ್ದರೆ ಉದ್ದವೇ ಹೆಚ್ಚು ನಂಬಿಕೆಯದು. ಸ್ಪ್ರಿಂಗ್‌ಫೀಲ್ಡ್ 1861ಕ್ಕೆ 40 ಇಂಚು. ಬ್ರಿಟಿಷ್ ಎನ್‌ಫೀಲ್ಡ್ 1853ಕ್ಕೆ 39. ಸ್ಪ್ರಿಂಗ್‌ಫೀಲ್ಡ್ 1842ಕ್ಕೆ 42. ಬ್ರಿಟಿಷ್ ಸೇನೆಯ ಚಕಮಕಿ ಬಂದೂಕಾದ ಬ್ರೌನ್ ಬೆಸ್‌ನ ಹಳೇ ಉದ್ದ ನಮೂನೆಗೆ 46, ಗಿಡ್ಡ ನಮೂನೆಗೆ 42. ಅದರದೇ ಇಂಡಿಯಾ ಪ್ಯಾಟರ್ನ್ 39 ಇಂಚು. ಈಸ್ಟ್ ಇಂಡಿಯಾ ಕಂಪನಿ ತನ್ನ ಸೈನ್ಯಕ್ಕೆ ಮಾಡಿಸಿದ ಅಗ್ಗದ ನಮೂನೆ ಅದು. ಫ್ರಾನ್ಸಿನ ಜೊತೆ ಯುದ್ಧ ಹತ್ತಿ ಬಂದೂಕು ಸಾಲದೆ ಬಂದಾಗ, 1790ರ ದಶಕದಲ್ಲಿ, ಬ್ರಿಟಿಷ್ ಸರಕಾರ ಅದನ್ನೇ ತನ್ನದಾಗಿಸಿಕೊಂಡಿತು. ನಮ್ಮ ನಾಡನ್ನು ಗೆಲ್ಲಲು ಹುಟ್ಟಿದ ಬಂದೂಕಿನ ತುಂಡು ಬ್ರಿಟನ್ ಮತ್ತು ಅಮೆರಿಕದ ನಡುವಿನ 1812ರ ಯುದ್ಧದ ಅಮೆರಿಕನ್ ಹೊಲಗಳಲ್ಲಿ ಸಿಗುವುದು ಹೀಗೆ.

ಚಿಲ್ಲರೆ ತುಂಡುಗಳು

ಮೊದಲ ಪ್ರಶ್ನೆ: ನಳಿಗೆಯನ್ನು ಮರಕ್ಕೆ ಹೇಗೆ ಕಟ್ಟಿದ್ದರು? ಬ್ರೌನ್ ಬೆಸ್‌ನಲ್ಲಿ ಅಡ್ಡ ಪಿನ್ನುಗಳು. ನಳಿಗೆಯ ಹೊಟ್ಟೆಯಡಿ ಪಿನ್ನು ತೂರುವ ಸಣ್ಣ ಕಿವಿಗಳಿರುತ್ತವೆ. ಗಜ ಕೂರಲು ಹಿತ್ತಾಳೆಯ ಪುಟ್ಟ ಕೊಳವೆಗಳು, ಹಳೇ ನಮೂನೆಗೆ ನಾಲ್ಕು, ಇಂಡಿಯಾ ಪ್ಯಾಟರ್ನ್‌ಗೆ ಮೂರು. ಫ್ರೆಂಚರ ಶಾರ್ಲ್‌ವಿಲ್‌ನಲ್ಲಿ ಪಿನ್ನಿಲ್ಲ, ನಳಿಗೆ ಮತ್ತು ಮರವನ್ನು ಸುತ್ತುವ ಕಬ್ಬಿಣದ ಪಟ್ಟೆಗಳು. ಅಮೆರಿಕದವರು 1795ರಲ್ಲಿ ತಮ್ಮ ಮೊದಲ ಸ್ಪ್ರಿಂಗ್‌ಫೀಲ್ಡ್ ಮಾಡಿದಾಗ ಶಾರ್ಲ್‌ವಿಲ್ ನೋಡಿಯೇ ಮಾಡಿದ್ದು. ಆದ್ದರಿಂದ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಜಾಗದಲ್ಲಿ ಹಿತ್ತಾಳೆ ಕೊಳವೆ ಸಿಕ್ಕರೆ ಬ್ರಿಟಿಷ್ ಕಡೆಗೆ ವಾಲಿ, ಕಬ್ಬಿಣದ ಪಟ್ಟೆ ಸಿಕ್ಕರೆ ಫ್ರೆಂಚ್ ಕಡೆಗೆ. ವಾಲಿ ಅಂದೆ, ತೀರ್ಪು ಕೊಡಿ ಅನ್ನಲಿಲ್ಲ. ಆಗ ಎರಡೂ ಕಡೆಯವರ ಕೈಯಲ್ಲಿ ಎಲ್ಲ ಥರದ ಬಂದೂಕುಗಳಿದ್ದವು.

ಅಂತರ್ಯುದ್ಧದ ಜಾಗದಲ್ಲಿ ಹೆಚ್ಚಾಗಿ ಎದುರಾಗುವ ಪ್ರಶ್ನೆ ಸ್ಪ್ರಿಂಗ್‌ಫೀಲ್ಡೋ ಎನ್‌ಫೀಲ್ಡೋ ಅನ್ನುವುದು. ಇದು ಸುಲಭ. ಎನ್‌ಫೀಲ್ಡ್‌ನ ಬಟ್ ಪ್ಲೇಟು, ಟ್ರಿಗರ್ ಗಾರ್ಡು, ಮೂತಿಯ ಟೋಪಿ ಮೂರೂ ಹಿತ್ತಾಳೆ. ಪಟ್ಟೆಗಳು ಕಬ್ಬಿಣ, ಸ್ಕ್ರೂ ತಿರುಗಿಸಿ ಬಿಗಿಯುವಂಥವು. ಸ್ಪ್ರಿಂಗ್‌ಫೀಲ್ಡ್ 1861ರಲ್ಲಿ ಎಲ್ಲವೂ ಕಬ್ಬಿಣ, ಪಟ್ಟೆಗಳನ್ನು ಹಿಡಿದಿಡುವುದು ಮರದೊಳಗೆ ಕೂತ ಸ್ಪ್ರಿಂಗು. ಆ ಕಾಲದ ಬೀಡಿನಲ್ಲಿ ಹಸಿರು ಕಿಲುಬಿನ ದಪ್ಪ ಬಟ್ ಪ್ಲೇಟು ಬಂದರೆ ಮೊದಲು ಎನ್‌ಫೀಲ್ಡ್ ನೆನಪಾಗಬೇಕು. 1857ರಲ್ಲಿ ನಮ್ಮ ಸಿಪಾಯಿಗಳು ಬೇಡವೆಂದ ಕೊಬ್ಬು ಸವರಿದ ತೋಟಾ ಇದೇ ಬಂದೂಕಿನದು. ನಾಲ್ಕು ವರ್ಷ ಕಳೆದು ಅಮೆರಿಕದ ಎರಡೂ ಕಡೆಯವರು ಇದನ್ನು ಲಕ್ಷಗಟ್ಟಲೆ ತರಿಸಿಕೊಂಡರು.

ಲಾಕ್ ಪ್ಲೇಟ್ ಸಿಕ್ಕರೆ ನಿಮ್ಮ ಅದೃಷ್ಟ. ಚಕಮಕಿ ಲಾಕಿನಲ್ಲಿ ಮದ್ದಿನ ಬಟ್ಟಲು ಇರುತ್ತದೆ. ಆ ಬಟ್ಟಲು ಹಿತ್ತಾಳೆಯದಾಗಿದ್ದರೆ 1777ರ ಫ್ರೆಂಚ್ ನಮೂನೆಯನ್ನು ಮೊದಲು ನೋಡಿ. ಬ್ರಿಟಿಷ್ ಲಾಕಿನ ಮೇಲೆ ಕಿರೀಟ, ಜಿಆರ್ ಅಕ್ಷರ (ಜಾರ್ಜ್ ರಾಜನ ಗುರುತು), ಹಿಂಬದಿಗೆ ಟವರ್ ಎಂಬ ಪದ. ಈಸ್ಟ್ ಇಂಡಿಯಾ ಕಂಪನಿಯ ಬಂದೂಕಾದರೆ ಜಿಆರ್ ಬದಲು ಹೃದಯದ ಆಕಾರದ ಮುದ್ರೆ, ಮುಂದಿನ ಕಾಲದವಕ್ಕೆ ಎದ್ದು ನಿಂತ ಸಿಂಹ. ಇಲ್ಲಿ ಒಂದು ಗೊಂದಲ ಇದೆ. ಎನ್‌ಫೀಲ್ಡ್ ಲಾಕಿನ ಮೇಲೂ ಟವರ್ ಎಂದು ಬರೆದಿರುತ್ತದೆ. ಆದರೆ ಅದರಲ್ಲಿ ಬಟ್ಟಲು ಇರುವುದಿಲ್ಲ, ಪಕ್ಕದಲ್ಲಿ ವರ್ಷ ಇರುತ್ತದೆ. ಸ್ಪ್ರಿಂಗ್‌ಫೀಲ್ಡ್ ಲಾಕಿನಲ್ಲಿ ಹದ್ದು, ಯು.ಎಸ್., ಊರಿನ ಹೆಸರು, ವರ್ಷ. ಅದರ ನಳಿಗೆಯ ಎಡಬದಿ ಹಿಂದೆ ವಿ, ಪಿ ಅಕ್ಷರ ಮತ್ತು ಹದ್ದಿನ ತಲೆ. ಎನ್‌ಫೀಲ್ಡ್ ನಳಿಗೆಯ ಅದೇ ಜಾಗದಲ್ಲಿ ಪರೀಕ್ಷಾ ಮುದ್ರೆಗಳ ನಡುವೆ 24 ಅಥವಾ 25. ಅದು ವರ್ಷವಲ್ಲ, ತೂತಿನ ಅಳತೆ. ಇವ್ಯಾವುದನ್ನೂ ಓದಲು ಕೆರೆಯಬೇಡಿ. ಕತ್ತಲ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ, ಹೆಚ್ಚುಕಡಿಮೆ ಮೇಲ್ಮೈಗೆ ತಾಗುವ ಹಾಗೆ ಹಿಡಿದು, ನಿಧಾನ ತಿರುಗಿಸಿ. ನೇರ ಬೆಳಕಲ್ಲಿ ಕಾಣದ ಅಕ್ಷರದ ಅಂಚು ನೆರಳಾಗಿ ಏಳುತ್ತದೆ.

ಸೀರಿಯಲ್ ನಂಬರ್ ಹುಡುಕುತ್ತಾ ಕೂರಬೇಡಿ, ಸ್ಪ್ರಿಂಗ್‌ಫೀಲ್ಡ್ 1861ಕ್ಕೆ ಅದು ಇಲ್ಲ. ವಿಂಚೆಸ್ಟರ್‌ನಂಥ ಖಾಸಗಿ ತಯಾರಕರ ಬಂದೂಕುಗಳಿಗೆ ಇದೆ. 2014ರಲ್ಲಿ ನೆವಾಡಾದ ಗ್ರೇಟ್ ಬೇಸಿನ್ ಉದ್ಯಾನದಲ್ಲಿ ಮರಕ್ಕೆ ಒರಗಿಸಿಟ್ಟ ಸ್ಥಿತಿಯಲ್ಲಿ ಸಿಕ್ಕ ವಿಂಚೆಸ್ಟರ್ 1873 ನಮೂನೆಯನ್ನು ನಂಬರ್ ನೋಡಿಯೇ 1882ರಲ್ಲಿ ತಯಾರಾದದ್ದು ಎಂದು ವ್ಯೋಮಿಂಗ್‌ನ ಕೋಡಿ ವಸ್ತುಸಂಗ್ರಹಾಲಯದ ದಾಖಲೆಯಿಂದ ಕಂಡುಕೊಂಡರು. ಅದಕ್ಕೂ ಎಕ್ಸ್-ರೇ ಮಾಡಿದಾಗ ಹಿಡಿಯೊಳಗೆ ಒಂದು ತೋಟಾ ಕೂತಿತ್ತು.

ಗುಂಡಿನಿಂದ ಬಂದೂಕಿಗೆ

ಗುಂಡಗಿನ ಸೀಸದ ಗುಂಡು ಚಪ್ಪಟೆಯಾಗಿ ಸಿಕ್ಕರೂ ತೂಕ ಸುಳ್ಳು ಹೇಳುವುದಿಲ್ಲ. ನ್ಯೂಜೆರ್ಸಿಯ ಮನ್ಮತ್ ಯುದ್ಧಭೂಮಿಯಲ್ಲಿ ಕೆಲಸ ಮಾಡಿದ ಡ್ಯಾನ್ ಸಿವಿಲಿಚ್ ಒಂದು ಸೂತ್ರ ಕೊಟ್ಟಿದ್ದಾರೆ. ಗ್ರಾಂ ತೂಕದ ಘನಮೂಲವನ್ನು 0.223204ರಿಂದ ಗುಣಿಸಿದರೆ ಮೂಲ ವ್ಯಾಸ ಇಂಚಿನಲ್ಲಿ ಬರುತ್ತದೆ. ಮಿಲಿಮೀಟರ್ ಬೇಕೆಂದರೆ 5.67ರಿಂದ ಗುಣಿಸಿ. 30 ಗ್ರಾಂ ಗುಂಡಿನ ಘನಮೂಲ ಸುಮಾರು 3.11, ವ್ಯಾಸ 17.6 ಮಿ.ಮೀ. ಇದು 19 ಮಿ.ಮೀ. ತೂತಿನ ಬ್ರೌನ್ ಬೆಸ್‌ಗೆ ಹೊಂದುತ್ತದೆ. 24 ಗ್ರಾಂ ಬಂದರೆ 16.4 ಮಿ.ಮೀ., ಶಾರ್ಲ್‌ವಿಲ್ ಕಡೆಗೆ. ಗುಂಡು ಯಾವಾಗಲೂ ತೂತಿಗಿಂತ ಚಿಕ್ಕದು ಅನ್ನುವುದು ನೆನಪಿರಲಿ. ಬೇಗ ಬೇಗ ತುಂಬಬೇಕಿತ್ತಲ್ಲ.

ಗುಂಡಿನ ಮೇಲೆ ಹಲ್ಲಿನ ಗುರುತು ಕಂಡರೆ, ಗಾಯಾಳು ನೋವು ತಡೆಯಲು ಕಚ್ಚಿದ್ದು ಎಂಬ ಕಥೆ ಕಟ್ಟಬೇಡಿ. ಎಷ್ಟೋ ಸಲ ಅದು ಮಣ್ಣು ಕೆದಕಿದ ಹಂದಿಯ ಹಲ್ಲು.

ಶಂಕುವಿನ ಆಕಾರದ ಮಿನಿಯೆ ಗುಂಡಾದರೆ ಸುತ್ತಲಿನ ಗೆರೆ ಎಣಿಸಿ. ಮೂರು ಗೆರೆ ಉತ್ತರದವರ ಸಾಮಾನ್ಯ ಗುಂಡು. ಗೆರೆಯೇ ಇಲ್ಲದ ನುಣುಪು ಗುಂಡು ಎನ್‌ಫೀಲ್ಡ್‌ಗೆಂದು ಇಂಗ್ಲೆಂಡಿನಿಂದ ಬಂದದ್ದು. ಲೋಹದ ತೋಟಾ ಖಾಲಿ ಸಿಕ್ಕರೆ ಅದರ ತಳದ ಪೆಟ್ಟಿನ ಗುರುತನ್ನು ಉಜ್ಜಿ ಹಾಳುಮಾಡಬೇಡಿ. ಮೊಂಟಾನಾದ ಲಿಟ್ಲ್ ಬಿಗ್‌ಹಾರ್ನ್‌ನಲ್ಲಿ 1983ರ ಬೆಂಕಿಗೆ ಹುಲ್ಲು ಸುಟ್ಟ ಮೇಲೆ, 1984 ಮತ್ತು 85ರಲ್ಲಿ ಪುರಾತತ್ವಜ್ಞರು ಡಿಟೆಕ್ಟರ್ ಹಿಡಿದವರನ್ನು ಸಾಲಾಗಿ ನಡೆಸಿದರು. ಸಿಕ್ಕ ತೋಟಾಗಳ ಪೆಟ್ಟಿನ ಗುರುತು ಹೋಲಿಸಿ, ಅಮೆರಿಕದ ಸೇನೆ ಮತ್ತು ಮೂಲನಿವಾಸಿಗಳ ನಡುವೆ 1876ರಲ್ಲಿ ಅಲ್ಲಿ ನಡೆದ ಕಾಳಗದಲ್ಲಿ ಒಂದೊಂದು ಬಂದೂಕು ಎಲ್ಲಿಂದ ಎಲ್ಲಿಗೆ ಸರಿಯಿತು ಎಂದೇ ಹೇಳಿದರು. ಪ್ರತಿ ತುಂಡಿನ ಜಾಗವನ್ನೂ ಗುರುತು ಮಾಡಿಟ್ಟಿದ್ದರಿಂದ ಅದು ಸಾಧ್ಯವಾಯಿತು.

ಮನೆಗೆ ತಂದ ಮೇಲೆ

ಹಿತ್ತಾಳೆಯನ್ನು ನೀರು ಮತ್ತು ಮೆತ್ತನೆ ಬ್ರಷ್ಷಿನಲ್ಲಿ ತೊಳೆದರೆ ಸಾಕು. ಹುಣಿಸೆಹಣ್ಣು, ನಿಂಬೆ, ಪಾಲಿಶ್ ಬೇಡ. ಕಿಲುಬಿನ ಜೊತೆ ಅಕ್ಷರವೂ ಹೋಗುತ್ತದೆ. ಸೀಸ ತೊಳೆದ ಮೇಲೆ ಕೈ ತೊಳೆಯಿರಿ. ಅದರ ಬಿಳಿ ಪುಡಿ ವಿಷ.

ಕಬ್ಬಿಣವೇ ತಲೆನೋವು. ಮಣ್ಣಿನ ಉಪ್ಪು ಒಳಗೆ ಸೇರಿರುತ್ತದೆ. ಗಾಳಿ ತಾಗಿ ಒಣಗಿದ ಮೇಲೆ ಕೆಲವೇ ತಿಂಗಳಲ್ಲಿ ಬಿರುಕು ಬಿಟ್ಟು ಉದುರುತ್ತದೆ. ಬ್ಯಾಟರಿ ಚಾರ್ಜರ್ ಇಟ್ಟು ವಿದ್ಯುತ್ತಿನಿಂದ ತುಕ್ಕು ಬಿಡಿಸುವುದು ಹವ್ಯಾಸಿಗಳಲ್ಲಿ ಚಾಲ್ತಿಯಲ್ಲಿದೆ. ನಳಿಗೆಗೆ ಅದನ್ನು ಮನೆಯಲ್ಲಿ ಮಾಡಬೇಡಿ ಎಂದೇ ನನ್ನ ಅಭಿಪ್ರಾಯ. ಒಳಗೆ ಏನಿದೆ ಗೊತ್ತಿರುವುದಿಲ್ಲ, ಮುದ್ರೆ ಇರುವ ಪದರವೂ ಕಳಚಿ ಬರಬಹುದು. ಮಾಡಿಯೇ ತೀರುವವರು ಚಿಕ್ಕ ತುಂಡುಗಳಿಗೆ ಮಾತ್ರ ಮಾಡಿ, ಸ್ಟೇನ್‌ಲೆಸ್ ಸ್ಟೀಲ್ ತಟ್ಟೆ ಚಮಚ ಬಳಸಬೇಡಿ. ಅದರಿಂದ ವಿಷದ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಒಣಗಿ ಸಿಕ್ಕ ಕಬ್ಬಿಣವನ್ನು ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬದಲ್ಲಿಟ್ಟು, ವಸ್ತುಸಂಗ್ರಹಾಲಯದ ಸಂರಕ್ಷಕರನ್ನು ಕೇಳುವುದೇ ಸರಿ.

ಡಬ್ಬದ ಮೇಲೆ ಒಂದು ನಂಬರ್ ಬರೆಯಿರಿ. ಅದೇ ನಂಬರ್‌ನಲ್ಲಿ ಫೋಟೋ, ಜಿಪಿಎಸ್, ಆಳ, ತೂಕ, ಅಳತೆ, ಜೊತೆಗೆ ಸಿಕ್ಕ ಮೊಳೆ, ಅಂಗಿ ಗುಂಡಿಗಳ ಪಟ್ಟಿ ಎಲ್ಲ ಒಂದೇ ಪುಸ್ತಕದಲ್ಲಿರಲಿ. ಅದರ ಒಂದು ಪ್ರತಿ ಜಮೀನಿನವರಿಗೆ, ಇನ್ನೊಂದು ರಾಜ್ಯದ ಪರಂಪರೆ ಇಲಾಖೆಗೆ. ವರ್ಜೀನಿಯಾದಲ್ಲಿ ಅದು ರಿಚ್ಮಂಡ್‌ನಲ್ಲಿದೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಇರುವ ಕನ್ನಡಿಗರು ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮಿನ ಸ್ಥಳೀಯ ಅಧಿಕಾರಿಗೆ ತೋರಿಸಬಹುದು. ಗುರುತು ಹಿಡಿಯಲು ಯಾರಿಗಾದರೂ ಫೋಟೋ ಕಳಿಸುವಾಗ ನಿಮ್ಮ ಊಹೆಯನ್ನು ಮೊದಲೇ ಹೇಳಬೇಡಿ. ಎರಡೂ ಮಗ್ಗುಲು, ತೂಕ, ಅಳತೆ, ಸಿಕ್ಕ ಜಾಗ ಇಷ್ಟು ಕೊಟ್ಟು, ಅವರು ಏನನ್ನುತ್ತಾರೆ ನೋಡಿ.